ಯಹೂದಿ ಓಣಿ ಮುಟ್ಟಿದ್ದು ಶನಿವಾರ

ಬೈಲಹೊಂಗಲದ ಸಾಲ್ಯಾಗ ಮೂವತ್ತೈದು ವರ್ಷ ಇತಿಹಾಸ ಕಲಿಸಿದಾಂವ ನಾನು. ಹಳೇ ಕಲ್ಲು ಕಂಡಲ್ಲೆಲ್ಲಾ ನಿಂತು ಭಾಷಣ ಬಿಗಿಯೂದು ನನ್ನ ಚಟ. ಮಗ್ಗಲಕ್ಕ ನಮ್ಮಾಕಿ ಇದ್ದಳಂದ್ರ ಆ ಭಾಷಣದ ಮಾನ ಹೋಗೂದು ಗ್ಯಾರಂಟಿ. ಮದುವಿ ಆದ ವರ್ಷ ಸುರುವಾದ ಈ ಫಜೀತಿ ಇವತ್ತಿಗೂ ನಿಂತಿಲ್ಲ.

ಛತ್ತಿಲ್ಲದ ಅರಮನಿ

ಮದುವಿ ಆಗಿ ತಿಂಗಳಾಗಿತ್ತು. ಹೊಸಾ ಹೆಂಡತಿಗೆ ಏನರೆ ಛಲೋದು ತೋರಸಬೇಕಂತ ಕಿತ್ತೂರ ಕ್ವಾಟಿಗೆ ಕರಕೊಂಡು ಹೋದೆ. ಪಾಪ, ಅರಮನಿ ಅಂತ ಕೇಳಿ ರೇಷ್ಮಿ ಸೀರಿ ಉಟ್ಟು ಬಂದಿದ್ಲು. ನಾ ಮುರದ ಗ್ವಾಡಿಗೆ ಕೈ ಮಾಡಿ, "ಇಲ್ಲೆ ದರಬಾರ ನಡೀತಿತ್ತು. ನೋಡು, ಈ ಕಿಂಡ್ಯಾಗಿಂದ ಧ್ರುವ ನಕ್ಷತ್ರ ನೋಡತಿದ್ರು" ಅಂತ ಒಂದು ತಾಸು ಕೊರದೆ.

ಆಕಿ ಮ್ಯಾಲ ನೋಡಿದ್ಲು, ಕಿಂಡಿ ನೋಡಿದ್ಲು.

"ಛತ್ತ ಇಲ್ಲಲ್ರಿ. ಎಲ್ಲಿ ನಿಂತ್ರೂ ನಕ್ಷತ್ರ ಕಾಣತಾವು. ಕಿಂಡಿ ಯಾಕ ಬೇಕು?"

ನನಗ ಸಿಟ್ಟು ಬಂತು. "ಇದು ಬ್ಯಾಡಾದ್ರ ಬಿಡು. ಕೊಚ್ಚಿ ಊರಾಗ ಹಳೇ ಯಹೂದಿ ಓಣಿ ಐತಿ. ಅಲ್ಲಿ ಅವರ ಪ್ರಾರ್ಥನಾ ಮಂದಿರದ ನೆಲಕ್ಕ ಚೀನಾದಿಂದ ತರಿಸಿದ ನೀಲಿ ಚಿತ್ತಾರದ ಫರಶಿ ಹಾಸ್ಯಾರ. ನೂರಾರು ಫರಶಿ, ಒಂದರ ಹಾಂಗ ಇನ್ನೊಂದಿಲ್ಲ!"

ದಿನಾ ಮುಂಜಾನೆ ಬಾಗಲಾಗ ರಂಗೋಲಿ ಹಾಕೂ ಹೆಣ್ಣಮಗಳು ಆಕಿ. "ಸುಳ್ಳ ಹೇಳಬ್ಯಾಡ್ರಿ. ನನಗ ಹದಿನೈದು ದಿನ ಆತಂದ್ರ ಹಳೇ ರಂಗೋಲಿನ ತಿರಿಗಿ ಬರತೈತಿ. ಕಣ್ಣಾರೆ ನೋಡಿದ ಮ್ಯಾಲ ನಂಬತೇನಿ" ಅಂದ್ಲು.

"ಬರೂ ಸೂಟ್ಯಾಗ ತೋರಸ್ತೇನಿ" ಅಂದೆ. ಆ ಸೂಟಿ ಬರಾಕ ಮೂವತ್ತೆಂಟು ವರ್ಷ ಹಿಡೀತು.

ಕೊಚ್ಚಿ ಕೇಳಿದ್ರ ಸವದತ್ತಿ

ಒಂದು ವರ್ಷ ಪೇಪರ್ ತಿದ್ದೂದು ಬಂತು, ಒಂದು ವರ್ಷ ಬಾಣಂತನ, ಮತ್ತೊಂದು ವರ್ಷ ಮನಿ ಕಟ್ಟೂದು. ಆಕಿ ಕೊಚ್ಚಿ ಅಂದಾಗೊಮ್ಮೆ ನಾ ಹತ್ತಿರದ ಊರಿನ ಬಸ್ ಹತ್ತಸ್ತಿದ್ದೆ. ಸವದತ್ತಿ ಕ್ವಾಟಿ ತೋರಿಸಿದೆ. "ಯಹೂದಿ ಓಣಿ ಎಲ್ಲೈತ್ರಿ?" ಅಂದ್ಲು. ರಾಮದುರ್ಗದ ಅರಸರ ವಾಡೇ ತೋರಿಸಿದೆ. "ಫರಶಿ ಎಲ್ಲ್ಯಾವು?" ಅಂದ್ಲು. ಕಡೀಕ ತೋರಸಾಕ ಏನೂ ಉಳೀಲಿಲ್ಲ, ನವಿಲುತೀರ್ಥದ ಡ್ಯಾಮಿಗೆ ಕರಕೊಂಡು ಹೋದೆ.

"ಕೊಚ್ಯಾಗೂ ನೀರ ಐತಿ, ಇಲ್ಲೂ ನೀರ ಐತಿ" ಅಂದೆ.

"ಹಂಗಾದ್ರ ನಮ್ಮ ಬಚ್ಚಲದಾಗೂ ಐತಿ. ಬಸ್ ಚಾರ್ಜರೆ ಉಳೀತಿತ್ತು" ಅಂದ್ಲು.

ಖರೇ ಹೇಳಬೇಕಂದ್ರ, ಆ ದಿನಗೋಳು ಈಗ ಭಾಳ ನೆನಪಾಗತಾವು. ಸವದತ್ತಿ ಬುರುಜಿನ ಮ್ಯಾಲ ಕುಂತು ಇಬ್ಬರೂ ರೊಟ್ಟಿ, ಶೇಂಗಾ ಚಟ್ನಿ ತಿಂದಿದ್ವಿ. ಗಾಳಿಗೆ ಆಕಿ ಸೆರಗು ಹಾರಿ ಹಾರಿ ನನ್ನ ಮಾರಿಗೆ ಬಡೀತಿತ್ತು. ಅಂಥಾ ರೊಟ್ಟಿ ಮುಂದ ಯಾವ ಹೋಟಲ್ದಾಗೂ ತಿಂದಿಲ್ಲ.

ಹೊರಡೂ ಘಳಿಗಿ

ಹೋದ ವರ್ಷ ಆಕಿ ಮೊಣಕಾಲು ಹಿಡಕೊಂಡ್ವು. ಒಂದಿನ ಮೆಲ್ಲಕ, "ಇನ್ನೆರಡು ವರ್ಷ ಬಿಟ್ರ ಆ ಫರಶಿ ಮ್ಯಾಲ ನಡ್ಯಾಕೂ ಆಗಂಗಿಲ್ರಿ" ಅಂದ್ಲು. ಮೂವತ್ತೆಂಟು ವರ್ಷ ಚಾಷ್ಟಿ ಮಾಡಿದಾಕಿ ಆವತ್ತು ಮಾಡಲಿಲ್ಲ. ಮರುದಿನಾನ ಗಾಡಿ ಗೊತ್ತು ಮಾಡಿದೆ.

ಜೋಡಿಗೆ ಬರಾಕ ಕಟಕೋಳದ ನಮ್ಮ ಬೀಗರು, ಬೀಗತಿ ಇಬ್ಬರೂ ತಯಾರಾದ್ರು. ಬೀಗರು ಪಕ್ಕಾ ಒಕ್ಕಲಿಗರು, ಪಂಚಾಂಗ ಬಿಟ್ಟು ಅಂಗಳ ದಾಟಂಗಿಲ್ಲ. ಅಮಾಸಿ ಬ್ಯಾಡ ಅಂದ್ರು, ಮಂಗಳವಾರ ಬ್ಯಾಡ, ಶುಕ್ರವಾರ ಮನಿ ಲಕ್ಷ್ಮೀನ್ನ ಹೊರಗ ಕಳಸೂದು ಬ್ಯಾಡ. ತೂಗಿ ತೂಗಿ ಬೇಸ್ತವಾರ ಮುಂಜಾನೆ ಹೊಂಟ್ವಿ. ಹೊರಡೂ ಘಳಿಗಿ ನಾಕು ಮಂದಿ ಕೂಡಿ ನೋಡಿದ್ವಿ. ಮುಟ್ಟೂ ವಾರ ಒಬ್ಬರೂ ನೋಡಲಿಲ್ಲ.

ಹಾದಿ ಮ್ಯಾಲ ಎರಡು ರಾತ್ರಿ ಉಳದು ಯಹೂದಿ ಓಣಿ ಮುಟ್ಟಿದಾಗ ಶನಿವಾರ. ಗಡಿಯಾರದ ಗೋಪುರ, ಇಕ್ಕಟ್ಟು ಓಣಿ, ಮಸಾಲಿ ವಾಸನಿ, ಎಲ್ಲಾ ಪುಸ್ತಕದಾಗ ಇದ್ದಂಗ ಇತ್ತು. ಮಂದಿರದ ಬಾಗಲಕ್ಕ ಮಾತ್ರ ಕೀಲಿ. ಕಾವಲಗಾರ ಹರಕು ಹಿಂದ್ಯಾಗ, "ಆಜ್ ಬಂದ್, ಶನಿವಾರ" ಅಂದ.

ಯಹೂದಿ ಮಂದಿ ಶನಿವಾರ ದುಡಿಯಂಗಿಲ್ಲ, ಒಲಿ ಸೈತ ಹಚ್ಚಂಗಿಲ್ಲ ಅಂತ ಮೂವತ್ತೈದು ವರ್ಷ ಹುಡುಗರಿಗೆ ಹೇಳಿದಾಂವ ನಾನ! ತಲಿ ತಗ್ಗಿಸಿ ಅದನ್ನ ಎಲ್ಲಾರಿಗೂ ತಿಳಿಸಿ ಹೇಳಿದೆ. ಬೀಗರು ಕಾವಲಗಾರನ ಕೈ ಹಿಡದು ಕುಲುಕಿದ್ರು. "ನಮ್ಮ ಕಡೆ ಸೋಮವಾರ ಎತ್ತು ಹೂಡಂಗಿಲ್ಲ, ಇವರು ಶನಿವಾರ ಮನಷ್ಯಾರನ್ನ ಹೂಡಂಗಿಲ್ಲ. ಭಾರೀ ಛಲೋ ಮಂದಿ ಬಿಡ್ರಿ!"

ನಮ್ಮಾಕಿ ನಗಲಿಲ್ಲ. ಎದುರಿನ ಅಂಗಡಿ ಪಾವಟಗಿ ಮ್ಯಾಲ ಕುಂತು ಬಿಟ್ಲು. ಮಧ್ಯಾಹ್ನ ಕನ್ಯಾಕುಮಾರಿಗೆ ಹೊರಡೂದಿತ್ತು, ಡ್ರೈವರ್ ಗಡಬಡಿ ಮಾಡಾಕ ಹತ್ತಿದ್ದ.

"ಕನ್ಯಾಕುಮಾರಿ ಎಲ್ಲೂ ಓಡಿ ಹೋಗಂಗಿಲ್ಲ" ಅಂದ್ಲು. "ನಾ ಫರಶಿ ನೋಡದ ಊರು ಬಿಡಂಗಿಲ್ಲ."

ಒಂದರ ಹಾಂಗ ಇನ್ನೊಂದು

ಆವತ್ತು ಅಲ್ಲೇ ವಸ್ತಿ ಮಾಡಿದ್ವಿ. ಐತವಾರ ಬಾಗಲಾ ತೆಗೀತು. ಆಕಿ ಚಪ್ಪಲಿ ಬಿಟ್ಟು, ನೆಲಕ್ಕ ನಮಸ್ಕಾರ ಮಾಡಿ ಒಳಗ ಹೋದ್ಲು. ಮ್ಯಾಲ ಝಗಝಗ ಗಾಜಿನ ದೀಪದ ಝುಂಬರ ಇದ್ವು, ಕಣ್ಣೆತ್ತಿ ನೋಡಲಿಲ್ಲ. ಬಗ್ಗಿ ಬಗ್ಗಿ ಒಂದೊಂದು ಫರಶಿ ನೋಡಕೋತ, ಹಿಂದಿಂದು ನೆನಪು ಮಾಡಕೋತ ಹೊಂಟ್ಲು. ತಾಸು ಆತು. ಕಾವಲಗಾರ ನನ್ನ ಕಿವ್ಯಾಗ ಅದ ಹರಕು ಹಿಂದ್ಯಾಗ, "ಅಮ್ಮಾ ಬಂಗಾರ ಏನರೆ ಕಳಕೊಂಡಾರೇನು?" ಅಂತ ಕೇಳಿದ.

ಕಡೀಕ ಬಂದ್ಲು. ಕಣ್ಣಾಗ ನೀರಿತ್ತು.

"ಒಂದರ ಹಾಂಗ ಇನ್ನೊಂದಿಲ್ರಿ" ಅಂದ್ಲು. "ಮೂವತ್ತೆಂಟು ವರ್ಷದಾಗ ನೀವು ಹೇಳಿದ್ದು ಒಂದು ಖರೇ ಆತು ನೋಡ್ರಿ!"

ನಕ್ಕೋತ ನಕ್ಕೋತ ನಾನೂ ಕಣ್ಣು ಒರಸಿಕೊಂಡೆ.

ಊರಿಗೆ ಬಂದ್ವಿ. ಮೊದಲ ಶನಿವಾರ. ಏಳಾದ್ರೂ ಚಾ ಇಲ್ಲ. ನೋಡಿದ್ರ ಆಕಿ ತೂಗಮಂಚದ ಮ್ಯಾಲ ಕಾಲು ಚಾಚಿ ಕುಂತಾಳ.

"ಎತ್ತಿಗೆ ಸೋಮವಾರ ಸೂಟಿ. ಆ ಮಂದಿಗೆ ಶನಿವಾರ ಸೂಟಿ. ನನ್ನ ಕೊಳ್ಳಾಗಿನ ನೊಗಾ ಒಂದು ದಿನಾನೂ ಇಳದಿಲ್ಲ. ಇನ್ನ ಶನಿವಾರ ನಾ ಒಲಿ ಹಚ್ಚಂಗಿಲ್ಲ."

"ಹಂಗಾದ್ರ ನಾನೂ ಹಚ್ಚಬಾರದಲ?" ಅಂದೆ, ಮಾಸ್ತರಕಿ ಬುದ್ಧಿ ಉಪಯೋಗಿಸಿ.

"ನೀವು ಹಚ್ರಿ. ರಿಟೈರ್ ಆದಾಗಿಂದ ನಿಮಗ ವಾರಪೂರ್ತಿ ಶನಿವಾರನ ಐತಿ!"

ಹಚ್ಚಿದೆ. ಬೆವರು ಸುರಿಸಿ ಆರು ರೊಟ್ಟಿ ಬಡದೆ. ಆಕಿ ಎಲ್ಲಾ ರೊಟ್ಟಿ ಸಾಲಾಗಿ ಹರವಿ, ಕೊಚ್ಯಾಗ ಬಗ್ಗಿದಂಗ ಬಗ್ಗಿ ಒಂದೊಂದನ್ನೂ ದಿಟ್ಟಿಸಿ ನೋಡಿದ್ಲು.

"ಸುಮ್ನ ಅಷ್ಟು ದೂರ ಹೋದ್ವಿ ಬಿಡ್ರಿ" ಅಂದ್ಲು. "ಮನ್ಯಾಗನ ಇದ್ದುವು. ಒಂದರ ಹಾಂಗ ಇನ್ನೊಂದಿಲ್ಲ!"