ಹತ್ತಿ ಮುಟ್ಟುವ ಬೆರಳು ಕಬ್ಬಿಣ ಮುಟ್ಟಿದಾಗ

ಬುದ್ಧಿ ಕೆಲವರಿಗೆ ತಲೆಯಲ್ಲಿರುತ್ತದೆ, ಕೆಲವರಿಗೆ ನಾಲಿಗೆಯಲ್ಲಿ. ಆದವಾನಿಯ ಹತ್ತಿ ವ್ಯಾಪಾರಿಗಳಾದ ನಮ್ಮ ಮನೆತನಕ್ಕೆ ಅದು ಬೆರಳ ತುದಿಯಲ್ಲಿದೆ. ನಮ್ಮ ಅಪ್ಪ ಒಂದು ಚಿಟಿಕೆ ಹತ್ತಿಯನ್ನು ಎಳೆದು, ಹೆಬ್ಬೆರಳಿನಿಂದ ತೀಡಿ, ಇದು ಪೆದ್ದಕಡುಬೂರಿನದು, ಇದು ಗೋನೆಗಂಡ್ಲದ್ದು, ಇದನ್ನು ಬೆಳೆದವನಿಗೂ ಅವನ ಹೆಂಡತಿಗೂ ಮಾತಿಲ್ಲ ಎನ್ನುವವರೆಗೆ ಹೇಳಬಲ್ಲವರು. ನನಗೆ ಮಾತ್ರ ಎಲ್ಲ ಹತ್ತಿಯೂ ಹತ್ತಿಯಂತೆಯೇ ಇರುತ್ತಿತ್ತು. ಆದ್ದರಿಂದ ನಾನು ವೆಲ್ಡಿಂಗ್ ಕಲಿಯುತ್ತೇನೆ ಎಂದಾಗ ಅಪ್ಪ ಬೈಯುವುದಕ್ಕೆ ಮೊದಲು ಸ್ವಲ್ಪ ಹೊತ್ತು ಸಂತೋಷಪಟ್ಟರೆಂದು ನನ್ನ ಗುಮಾನಿ. "ಹೋಗು. ಕಬ್ಬಿಣ ಕೂಡಿದ್ರ ಅಲ್ಲೇ ಇರು. ಕೂಡಲಿಲ್ಲಂದ್ರ ಬಾಯಿ ಮುಚ್ಚಿಕೊಂಡು ಅಂಗಡ್ಯಾಗ ಕೂಡು" ಎಂದರು. ಅಂಗಡಿಯಲ್ಲಿ ಕೂಡುವುದೆಂದರೆ ನನಗೆ ಜೀವಾವಧಿ ಶಿಕ್ಷೆ.

ಅದು ಯುದ್ಧದ ಕಾಲ. ಯಂತ್ರದ ಹೊಸ ಬಿಡಿಭಾಗ ಸಿಗದು. ಮುರಿದದ್ದನ್ನೇ ಬೆಂಕಿಯಿಂದ ಬೆಸೆಯಬೇಕು. ಅದಕ್ಕೆಂದು ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಫ್ಯಾಕ್ಟರಿಯವರು ಗುಂತಕಲ್ಲಿನಿಂದ ಖಾಸೀಂ ಸಾಹೇಬರೆಂಬ ಮಿಸ್ತ್ರಿಯನ್ನು ಕರೆಸಿದ್ದರು.

"ಅನುಭವ ಏನೈತ್ರಿ ಸಾವ್ಕಾರ?" ಎಂದು ಮಿಸ್ತ್ರಿ ನನ್ನನ್ನು ಕೇಳಿದರು.

"ಏನೂ ಇಲ್ರಿ."

"ಬಹುತ್ ಅಚ್ಛಾ! ಮರೆಸೋ ಕೆಲಸ ಉಳೀತು."

ಹೀಗೆ ಅಜ್ಞಾನವೇ ಅರ್ಹತೆಯಾಗಿ ನಾನು ಕೆಲಸಕ್ಕೆ ಸೇರಿದೆ. ಕಪ್ಪು ಕನ್ನಡಕದೊಳಗಿಂದ ಮೊದಮೊದಲು ಕಂಡದ್ದು ಬರೀ ಕತ್ತಲೆ. ಆಮೇಲೆ ಕತ್ತಲೆಯಲ್ಲೊಂದು ನೀಲಿ ನಾಲಿಗೆ. ಕೊನೆಗೊಂದು ದಿನ ಮಿಸ್ತ್ರಿ ಎರಡು ಕಬ್ಬಿಣದ ಪಟ್ಟಿ ಕೊಟ್ಟು, "ಕೂಡಸ್ರಿ, ನೋಡೂಣು" ಎಂದರು. ಕೂಡಿಸಿದೆ. ಬೆಂಕಿ ಆರಿಸಿದೆ. ಕೆಂಪು ಇಳಿದು ಪಟ್ಟಿ ಏನೂ ಅರಿಯದ ಕೂಸಿನಂತೆ ಕಪ್ಪಗೆ ಮಲಗಿತು. ಬೆಸುಗೆ ಎಂಥದ್ದೆಂದು ತಿಳಿಯುವ ಆಸೆ. ಅಷ್ಟು ದಿನ ಅಡಗಿದ್ದ ನನ್ನ ಕುಲವಿದ್ಯೆ ಆ ಗಳಿಗೆಯಲ್ಲೇ ಎಚ್ಚರಗೊಳ್ಳಬೇಕೆ? ಹೆಬ್ಬೆರಳಿಗೆ ಎರಡು ಬೆರಳು ಸೇರಿಸಿ, ಥೇಟ್ ಅಪ್ಪನಂತೆ, ಪಟ್ಟಿಯನ್ನು ತೀಡಿದೆ.

ನನ್ನ ಕೂಗಿಗೆ ಜಿನ್ನಿಂಗ್ ಯಂತ್ರವೇ ನಿಂತಿತೆಂದು ಕೆಲವರು ಹೇಳುತ್ತಾರೆ. ಉತ್ಪ್ರೇಕ್ಷೆ ಇರಬಹುದು. ಮಿಸ್ತ್ರಿ ಮಾತ್ರ, "ಅರೆ ಅಲ್ಲಾ! ಕಬ್ಬಿಣನೂ ಹತ್ತಿ ನೋಡಿದಂಗ ನೋಡ್ತಾರೇನ್ರೀ? ಮೊದಲು ನೀರು ಚಿಮುಕಸ್ರಿ, ಚುಂಯ್ ಅಂದ್ರ ಮುಟ್ಟಬ್ಯಾಡ್ರಿ!" ಎಂದು ಉಪದೇಶಿಸಿದರು, ಬೆರಳು ಬೆಂದ ಮೇಲೆ.

ಅವ್ವ ಲೋಳೆಸರ ಹಚ್ಚಿದಳು. ಅಪ್ಪ, "ಆತಲ್ಲ ಕಬ್ಬಿಣದ ಮೋಜು? ನಾಳಿಂದ ಪ್ಯಾಟಿಗೆ ಬಾ" ಎಂದರು.

ನಮ್ಮ ಪೇಟೆಯಲ್ಲಿ ದರವನ್ನು ಬಾಯಿಂದ ಆಡುವುದಿಲ್ಲ. ಇಬ್ಬರ ಕೈಗಳ ಮೇಲೆ ಹೆಗಲ ಮೇಲಿನ ವಲ್ಲಿ ಹೊದಿಸಿ, ಒಳಗೆ ಬೆರಳು ಹಿಡಿದು ತಿಳಿಸುವುದು ಪದ್ಧತಿ. ಮರುದಿನ ಅಪ್ಪ ನನ್ನ ಕೈಯನ್ನು ವಲ್ಲಿಯೊಳಗೆ ತೂರಿಸಿದರು. ಆಚೆಯಿಂದ ದಲಾಲಿ ಸಿದ್ದಪ್ಪಜ್ಜ ನನ್ನ ಸುಟ್ಟ ಬೆರಳುಗಳನ್ನೇ ಆರಿಸಿ ಹಿಡಿದು, ಖಾತ್ರಿಗೆಂದು ಒಂದು ಸಲ ಒತ್ತಿದ.

"ಸತ್ನೆಪ್ಪೋ!" ಎಂದೆ.

ಪೇಟೆಯೆಲ್ಲ ನಮ್ಮತ್ತ ತಿರುಗಿತು. "ಏನೋ ತಮ್ಮಾ, ಇಷ್ಟು ದರಕ್ಕ ಸಾಯ್ತೀಯಾ?" ಎಂದು ಸಿದ್ದಪ್ಪಜ್ಜ ಗಾಬರಿಯಾದ. ಇಂಥ ಮನೆತನದ ಹುಡುಗ ಹೀಗೆ ಕೂಗಬೇಕಾದರೆ ಹತ್ತಿಯ ದರ ಬಿದ್ದೇ ಹೋಯಿತೆಂದು ಸುದ್ದಿ ಹಬ್ಬಿತು. ಸಂಜೆಯೊಳಗೆ ನಿಜವಾಗಿಯೂ ಬಿತ್ತು.

ಅಪ್ಪ ಮನೆಗೆ ಬಂದು ವಲ್ಲಿ ಕೊಡವಿ, "ನೀ ಕಬ್ಬಿಣಕ್ಕೇ ಹೋಗಪಾ. ಅಲ್ಲಿ ಸುಟ್ರ ನಿನ್ನೊಬ್ಬನ ಕೈ ಸುಡ್ತೈತಿ" ಎಂದರು. ಫ್ಯಾಕ್ಟರಿಯಲ್ಲಿ ಮಿಸ್ತ್ರಿ ನನ್ನ ಪಟ್ಟಿಯನ್ನು ಸುತ್ತಿಗೆಯಿಂದ ಬಡಿದು ಬಗ್ಗಿಸಿದರು. ಕಬ್ಬಿಣ ಬಗ್ಗಿತು, ಬೆಸುಗೆ ಬಿಡಲಿಲ್ಲ. ನಾನು ವೆಲ್ಡರನಾದೆ, ಈಗಲೂ ಸುಖವಾಗಿದ್ದೇನೆ.

ಆದರೆ ಒಂದು ವಿದ್ಯೆ ಇನ್ನೊಂದರ ಮನೆಗೆ ಬರಬಾರದು. ಮೊನ್ನೆ ಅಪ್ಪನ ಅಂಗಡಿಗೆ ಹೋಗಿದ್ದೆ. ಹೊಸ ಹತ್ತಿ ಬಂದಿತ್ತು. "ನೋಡು ಹೆಂಗೈತಿ" ಎಂದರು ಅಪ್ಪ. ನನ್ನ ಕೈ ತಾನಾಗಿ ಪಕ್ಕದ ತಂಬಿಗೆಯ ನೀರಿಗಿಳಿದು, ಅಷ್ಟು ಜನರ ಎದುರಿಗೆ, ಹತ್ತಿಯ ಮೇಲೆ ನೀರು ಚಿಮುಕಿಸಿಬಿಟ್ಟಿತು. ತೂಕ ಹೆಚ್ಚಿಸಲು ಹತ್ತಿಗೆ ನೀರು ಹೊಡೆಯುವವರನ್ನು ನಮ್ಮ ಪೇಟೆ ಏಳು ತಲೆಮಾರು ಮರೆಯುವುದಿಲ್ಲ.

ಅಪ್ಪ ಮೆಲ್ಲಗೆ, "ನಮ್ಮ ವಂಶದಾಗ ಹತ್ತಿಗೆ ನೀರು ಹೊಡದವರು ಯಾರೂ ಇಲ್ಲೋ" ಎಂದರು. ಸತ್ಯವಂತರಾದ್ದರಿಂದ, "ಹಗಲೊತ್ತಿನ್ಯಾಗಂತೂ ಇಲ್ಲ" ಎಂದು ಸೇರಿಸಿದರು.

ಈಗ ನಾನು ಅಂಗಡಿಯ ಮೆಟ್ಟಿಲು ಹತ್ತಿದರೆ ಅವರು ಕುಶಲ ಕೇಳುವುದಕ್ಕೆ ಮೊದಲು ತಂಬಿಗೆಯನ್ನು ಒಳಗಿಡುತ್ತಾರೆ.