ಹಾಜರಿ ಯಂತ್ರದವರಲ್ಲಿ ಲೀವ್ ಮತ್ತು ಆಬ್ಸೆಂಟ್ ಕುರಿತು ಒಂದು ಅರಿಕೆ

ಮಾನ್ಯ ಹಾಜರಿ ಯಂತ್ರದವರೇ,

ಬದನಗುಪ್ಪೆಯ ನಮ್ಮ ಉಡುಪು ಕಾರ್ಖಾನೆಯ ಗೇಟಿನಲ್ಲಿ ಊಟ ನಿದ್ದೆಯಿಲ್ಲದೆ ನಿಂತು, ಒಬ್ಬೊಬ್ಬರ ಮುಖ ನೋಡಿ ಒಳಗೆ ಬಿಡುತ್ತಿರುವ ತಮಗೆ ಎರಡನೇ ಲೈನಿನಲ್ಲಿ ಕಾಲರ್ ಹೊಲಿಯುವ ಹರವೆಯ ನೀಲಾವತಿಯ ಸಾಷ್ಟಾಂಗ ನಮಸ್ಕಾರಗಳು. ಕಟ್ಟಿಕೊಂಡ ಗಂಡ ನಾಗಯ್ಯ ಹದಿನೆಂಟು ವರ್ಷದಲ್ಲಿ ನನ್ನ ಮುಖವನ್ನು ಇಷ್ಟು ಶ್ರದ್ಧೆಯಿಂದ ನೋಡಿದ್ದಿಲ್ಲವಾದ್ದರಿಂದ ತಮ್ಮ ಮೇಲೆ ನನಗೆ ವಿಶೇಷ ಗೌರವ.

ತಮ್ಮ ದಯೆಯಿಂದ ಎರಡು ಇಂಗ್ಲಿಷ್ ಪದಗಳ ಅಂತರ ತಿಳಿಯಿತು. ಲೀವ್ ಎಂದರೂ ನಾನು ಬಂದಿಲ್ಲ, ಆಬ್ಸೆಂಟ್ ಎಂದರೂ ನಾನು ಬಂದಿಲ್ಲ, ಎರಡರಲ್ಲೂ ನನ್ನ ಸ್ಟೂಲು ಅಷ್ಟೇ ಖಾಲಿ. ಆದರೆ ತಮ್ಮ ಆ್ಯಪ್ ಒಪ್ಪುವ ಕಾರಣವಿದ್ದರೆ ಅದು ಲೀವ್, ನಾನು ಮರ್ಯಾದಸ್ಥೆ. ಕಾರಣ ಬರೀ ನನ್ನದಾದರೆ ಅದು ಆಬ್ಸೆಂಟ್, ನಾನು ಕಳ್ಳಿ. ಆ್ಯಪ್ ಒಪ್ಪುವ ಕಾರಣಗಳು ಮೂರೇ: ಕಾಯಿಲೆ, ಮದುವೆ, ಸಾವು. ನನ್ನ ಕಾರಣ ಮುಯ್ಯಾಳು.

ತಾವು ಹೊಲ ಕಂಡವರಲ್ಲವಾದ್ದರಿಂದ ವಿವರಿಸುತ್ತೇನೆ. ಹೋದ ವರ್ಷ ನಾಗಯ್ಯ ಕಾಲು ಮುರಿದುಕೊಂಡು ಮಲಗಿದಾಗ, ಪಕ್ಕದ ಹೊಲದ ಪುಟ್ಟಸಿದ್ದಮ್ಮ ಕರೆಯದೆಯೇ ಬಂದು ಎರಡು ದಿನ ನಮ್ಮ ಅರಿಶಿನ ಅಗೆದುಕೊಟ್ಟಳು. ಈಗ ಅವಳ ಅರಿಶಿನಕ್ಕೆ ನಾನು ಎರಡು ದಿನ ಹೋಗಬೇಕು. ಕೂಲಿಯ ಮಾತಿಲ್ಲ, ಆಳಿಗೆ ಆಳು. ಇದನ್ನು ಸೂಪರ್‌ವೈಸರ್ ನೀಲಕಂಠಸ್ವಾಮಿಯವರಿಗೆ ಹೇಳಿದಾಗ ಅವರು ಮರುಗಿ, "ಯಾರ್ನಾದ್ರೂ ಒಬ್ರ ಸಾಯಿಸ್ಬುಡು ಕಣಮ್ಮಿ, ಲೀವ್ ತಾನಾಗೇ ಬತ್ತದ" ಎಂದು ದಾರಿ ತೋರಿಸಿದರು. ಮನೆಯಲ್ಲಿ ಎಲ್ಲರೂ ಗಟ್ಟಿಮುಟ್ಟಾಗಿರುವುದರಿಂದ ಯಾರನ್ನು ಆರಿಸಬೇಕೆಂದು ತೋಚಲಿಲ್ಲ.

ಆಗ ನಾನೊಂದು ತಪ್ಪು ಮಾಡಿದೆ. ಮುಯ್ಯಾಳಿಗೆ ಹೋಗಬೇಕಾದವಳಿಗೆ ಆಗದಿದ್ದರೆ ಅದೇ ಮನೆಯ ಇನ್ನೊಬ್ಬಳು ಹೋಗುವುದು ನಮ್ಮಲ್ಲಿ ವಾಡಿಕೆ, ಕೈ ನೋಡುತ್ತಾರೆಯೇ ಹೊರತು ಮುಖ ಯಾರೂ ಕೇಳುವುದಿಲ್ಲ. ಹಾಗಾಗಿ ಕಳೆದ ಗುರುವಾರ ನಾನು ಹೊಲಕ್ಕೆ ಹೋಗಿ, ಗುದ್ದಲಿ ಹಿಡಿದು ಗೊತ್ತಿಲ್ಲದ, ಆದರೆ ನನಗಿಂತ ಚೆನ್ನಾಗಿ ಹೊಲಿಯುವ ವಾರಗಿತ್ತಿ ಮೂಗಮ್ಮನನ್ನು ಕಾರ್ಖಾನೆಗೆ ಕಳಿಸಿದೆ. "ಕಾಲರ್ ತಾನೆ, ನಾ ಓಗ್ತೀನಿ ಬುಡು" ಎಂದು ಅವಳು ತಲೆ ಬಾಚಿ ಹೂ ಮುಡಿದು ಬಂದರೂ, ತಾವು ಮೂರು ಸಲ ನೋಡಿ ಮೂರು ಸಲವೂ ಕೆಂಪು ದೀಪ ಹಚ್ಚಿದಿರಂತೆ. ಹೊಲಿಯಲು ಬಂದವಳನ್ನು ಹೊರಗೆ ನಿಲ್ಲಿಸಿ, ಹೊಲಿಗೆ ಯಂತ್ರವನ್ನು ಒಳಗೆ ಖಾಲಿ ಬಿಟ್ಟ ತಮ್ಮ ಕರ್ತವ್ಯನಿಷ್ಠೆ ದೊಡ್ಡದು.

ಬಸ್ ಕೆಟ್ಟ ದಿನದ ಆಬ್ಸೆಂಟ್ ಒಂದು, ಇದು ಎರಡು. ಮೂರನೇ ಆಬ್ಸೆಂಟ್ ಬಿದ್ದರೆ ಕೆಲಸ ಹೋಗುತ್ತದೆ, ಪುಟ್ಟಸಿದ್ದಮ್ಮನಿಗೆ ಇನ್ನೊಂದು ದಿನ ಬಾಕಿ ಇದೆ. ನನಗೆ ಭಯವಾಗುತ್ತಿದೆ, ಸುಳ್ಳು ಹೇಳುವುದಿಲ್ಲ. ಮಗಳು ಶಿವರಂಜಿನಿ ಗುಂಡ್ಲುಪೇಟೆಯಲ್ಲಿ ಓದುತ್ತಿರುವುದು ಈ ಕೆಲಸದ ಬಲದಿಂದ. ಆದರೆ ನಾವು ಕಷ್ಟದಲ್ಲಿದ್ದಾಗ ಬಂದವಳಿಗೆ ಬೆನ್ನು ಹಾಕಿ ದಿನಾ ಅವಳ ಹೊಲದ ಮುಂದೆಯೇ ಬಸ್ಸಿಗೆ ನಡೆಯುವುದು ನನ್ನಿಂದಾಗದು. ಆದ್ದರಿಂದ ತಾವು ಆ್ಯಪಿನಲ್ಲಿ ಮುಯ್ಯಾಳು ಎಂಬ ನಾಲ್ಕನೇ ಕಾರಣವನ್ನು ಸೇರಿಸಬೇಕು, ಆಗದಿದ್ದರೆ ಈ ಗುರುವಾರ ತಾವೇ ಗೋಡೆಯಿಂದಿಳಿದು ಗುದ್ದಲಿ ಹಿಡಿದು ನನ್ನ ಬದಲಿಗೆ ಬರಬೇಕು. ಹರವೆಯಲ್ಲಿ ತಮ್ಮ ಮುಖವನ್ನು ಯಾರೂ ಪರೀಕ್ಷಿಸುವುದಿಲ್ಲ.

ಎರಡೂ ಆಗದಿದ್ದರೆ ನಾನು ಹೊಲದಲ್ಲಿರುತ್ತೇನೆ. ತಮಗೆ ತೋಚಿದ ಪದ ಬರೆದುಕೊಳ್ಳಿ.

ಇಂತಿ, ಈ ಗುರುವಾರದವರೆಗಂತೂ
ತಮ್ಮ ವಿಶ್ವಾಸಿ,
ನೀಲಾವತಿ

ತಾ.ಕ.: ಈ ಪತ್ರವನ್ನು ಊಟದ ಹೊತ್ತಿನಲ್ಲಿ ಓದಿಸಿಕೊಂಡ ನಮ್ಮ ಲೈನಿನ ಹದಿನೇಳು ಹೆಂಗಸರು, "ಒಬ್ಳ ತೆಗ್ದಾರು, ಹದ್ನೆಂಟು ಜನವ ಎಂಗ್ ತೆಗ್ದಾರು ನೋಡನ, ನಡಿ" ಎಂದು ಆ ದಿನ ನನ್ನ ಜೊತೆ ಅರಿಶಿನ ಅಗೆಯಲು ಹೊರಟಿದ್ದಾರೆ. ಆ್ಯಪ್ ಒಪ್ಪಿದ ಮೇಲೆ ಬಾರದಿದ್ದರೆ ಲೀವ್, ಒಪ್ಪದಿದ್ದಾಗ ಬಾರದಿದ್ದರೆ ಆಬ್ಸೆಂಟ್ ಎಂಬುದು ತಿಳಿಯಿತು. ಇಡೀ ಲೈನೇ ಬಾರದಿದ್ದರೆ ಅದಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆಂದು ಮಾಲೀಕರನ್ನು ಕೇಳಿ ತಿಳಿಸುವುದು.