ಅಮೆರಿಕದ ಹೆದರಿಕೆಗೆ ಮವಾಲೇಹ್ ಏಜೆಂಟ್

ಹೆದರುವುದರಲ್ಲೂ ಅಂತಸ್ತು ನೋಡುವವನು ನಾನು. ನಮ್ಮೂರಿನ ಚಾನೆಲ್ಲುಗಳು ಈಗ ನಾವಿರುವ ಕೊಲ್ಲಿ ದೇಶಗಳ ನಕಾಶೆಗೆ ಬೆಂಕಿ ಹಚ್ಚಿ ನಗಾರಿ ಬಾರಿಸಿದರೆ ನನಗೇನೂ ಆಗುವುದಿಲ್ಲ. ಅದಕ್ಕೆ ಹೆದರಿ ದಿನಕ್ಕೆ ಮೂರು ಸಲ ಫೋನ್ ಮಾಡಲು ಮೈಸೂರಿನಲ್ಲಿ ನಮ್ಮತ್ತೆ ಇದ್ದಾರೆ. ನಾನು ಹೆದರುವುದು ಇಂಗ್ಲಿಷಿನಲ್ಲಿ, ಅದೂ ಅಮೆರಿಕನ್ ಉಚ್ಚಾರಣೆಯಲ್ಲಿ. ಸೂಟು ಹಾಕಿದ ಮನುಷ್ಯ ಪುಸ್ತಕದ ಕಪಾಟಿನ ಮುಂದೆ ಕೂತು, ತಗ್ಗಿದ ದನಿಯಲ್ಲಿ ಪರಿಸ್ಥಿತಿ ಗಂಭೀರ ಎಂದರೆ ಸಾಕು, ನನ್ನ ಅಂಗೈ ಬೆವರುತ್ತದೆ. ಹೆಂಡತಿ ಸುಮಾ ಆ ಸೂಟಿನವನ ಮುಖ ನೋಡಿ, ಪಾಪ, ಈತನಿಗೆ ನಿದ್ದೆ ಸಾಲದು ಎಂದು ಹೇಳಿ ಒಗ್ಗರಣೆಗೆ ಹೋಗುತ್ತಾಳೆ.

ಸಮುದ್ರದ ಆಚೆ ದಡದಲ್ಲಿ ಗಲಾಟೆ ಜೋರಾದ ಆ ದಿನಗಳಲ್ಲಿ ನಾನು ಎರಡು ಅಮೆರಿಕನ್ ಚಾನೆಲ್ಲುಗಳನ್ನು ಹಿಡಿದುಕೊಂಡಿದ್ದೆ. ಅಧ್ಯಕ್ಷರು ಮೆತ್ತಗಾದರು, ಆದ್ದರಿಂದ ಯುದ್ಧ ಖಂಡಿತ ಎಂದು ಒಂದು. ಅಧ್ಯಕ್ಷರು ಹಟಮಾರಿ, ಆದ್ದರಿಂದ ಯುದ್ಧ ಖಂಡಿತ ಎಂದು ಇನ್ನೊಂದು. ಹಾವು ಮುಂಗುಸಿಯಂತಿದ್ದ ಇವರು ನನ್ನನ್ನು ಹೆದರಿಸುವುದರಲ್ಲಿ ಮಾತ್ರ ಒಗ್ಗಟ್ಟಾಗಿದ್ದರು. ಒಬ್ಬ ನಿವೃತ್ತ ಸೇನಾಧಿಕಾರಿಯಂತೂ ಪರದೆಯ ಮೇಲೆ ಬೆರಳಿನಿಂದ ಕೆಂಪು ಬಾಣ ಎಳೆದರು. ಬೆರಳು ಸ್ವಲ್ಪ ಜಾರಿದ್ದರೆ ಅಲ್ ಮವಾಲೇಹ್‌ನ ನಮ್ಮ ಮೂರನೇ ಮಹಡಿಯ ಬಾಲ್ಕನಿ, ಅಲ್ಲಿ ಒಣಹಾಕಿದ್ದ ನನ್ನ ಬನಿಯನ್ ಸಮೇತ, ಬಾಣದ ತುದಿಯಲ್ಲಿರುತ್ತಿತ್ತು. ನಾನು ನಿಜವಾಗಿಯೂ ಹೆದರಿದ್ದೆ. ಪಾಸ್‌ಪೋರ್ಟುಗಳನ್ನು ದಿನಾ ಬೆಳಿಗ್ಗೆ ಮುಟ್ಟಿ ನೋಡಿ ಆಫೀಸಿಗೆ ಹೋಗುತ್ತಿದ್ದೆ.

ಆದರೆ ಹೆದರಿಕೆಯನ್ನು ಹಂಚಿದರೆ ಮರ್ಯಾದೆ ಸಿಗುತ್ತದೆ ಎಂಬುದು ಆಗಲೇ ಗೊತ್ತಾದದ್ದು. ಅಲ್ ಖುವೈರ್‌ನ ಆಫೀಸಿನಲ್ಲಿ ಏಸಿ ಕೊಳವೆಗಳ ನಕ್ಷೆ ಬರೆಯುವವನು ನಾನು. ಕೊಳವೆಯ ವಿಷಯದಲ್ಲೇ ನನ್ನ ಮಾತನ್ನು ಯಾರೂ ಕೇಳಿದವರಲ್ಲ. ಅಂಥವನು 'ಅಮೆರಿಕದ ವಿಶ್ಲೇಷಕರ ಪ್ರಕಾರ' ಎಂದು ಶುರುಮಾಡಿದರೆ ಮ್ಯಾನೇಜರೂ ಕುರ್ಚಿ ಎಳೆದುಕೊಂಡು ಕೂರತೊಡಗಿದರು. ಹೀಗೆ ಊರೆಲ್ಲ ಸುದ್ದಿ ಹಂಚುತ್ತಿದ್ದಾಗಲೇ ಮವಾಲೇಹ್ ಮಾರ್ಕೆಟ್ಟಿನ ತರಕಾರಿ ಅಂಗಡಿಯ ಹಮೀದಾಕ ನನ್ನನ್ನು ಪಕ್ಕಕ್ಕೆ ಕರೆದದ್ದು. ಉಪ್ಪಿನಂಗಡಿ ಕಡೆಯ ಬ್ಯಾರಿ, ಮಿತಭಾಷಿ. ಹೆಂಡತಿ ಮತ್ತು ಏಳು ವರ್ಷದ ಮಗಳಿಗೆ ಮೊದಲ ಬಾರಿ ವಿಸಿಟ್ ವೀಸಾ ಆಗಿತ್ತು, ಮುಂದಿನ ವಾರ ವಿಮಾನ. ಇದಕ್ಕಾಗಿ ಬಾಡಿಗೆ ಕೋಣೆಗೆ ಹೊಸ ಪರದೆ ಕೂಡ ಹಾಕಿಸಿದ್ದರು.

"ನೀವು ಅಮೆರಿಕದ್ದೆಲ್ಲ ನೋಡುವವರಲ್ವಾ ಸಾರ್. ಕರೆಸುದಾ, ಬೇಡ್ವಾ?"

ನನಗೆ ಗೊತ್ತಿಲ್ಲ ಎನ್ನಬೇಕಿತ್ತು. ಆರೇ ಅಕ್ಷರ. ಆದರೆ ಟೀವಿಯಲ್ಲಿ ಆ ಮಾತನ್ನು ಯಾರ ಬಾಯಲ್ಲೂ ಕೇಳಿರಲಿಲ್ಲವಲ್ಲ. ಗಂಟಲು ಸರಿಮಾಡಿಕೊಂಡು, "ಈಗ ಬೇಡ," ಎಂದೆ. ಹಮೀದಾಕ ತಲೆಯಾಡಿಸಿ ಟಿಕೆಟ್ ರದ್ದು ಮಾಡಿಸಿದರು.

ಬಾಣ ಎಲ್ಲಿಗೂ ಬರಲಿಲ್ಲ. ಹತ್ತು ದಿನಗಳಲ್ಲಿ ಗಲಾಟೆ ತಣ್ಣಗಾಯಿತು. ನನ್ನ ಎರಡೂ ಚಾನೆಲ್ಲುಗಳು ಅವರದೇ ಯಾವುದೋ ರಾಜ್ಯದ ಚುನಾವಣೆಯ ಬಗ್ಗೆ ಕಿತ್ತಾಡತೊಡಗಿದವು. ತಪ್ಪಾಯಿತು ಎಂದು ಯಾರೂ ಹೇಳಲಿಲ್ಲ. ಅವರಿಗೇನು, ನೋಡುಗರ ಅಂಗಡಿಗೇ ಹೋಗಿ ಕೊತ್ತಂಬರಿ ಸೊಪ್ಪು ಕೊಳ್ಳಬೇಕಾದ ಕರ್ಮವಿಲ್ಲ. ನನಗಿತ್ತು. ಈ ಹೊಸ ಹೆದರಿಕೆ ಹಳೆಯದಕ್ಕಿಂತ ಜೋರಾಗಿತ್ತು. ಎರಡು ವಾರ ತಲೆಮರೆಸಿಕೊಂಡು ಸೂಪರ್ ಮಾರ್ಕೆಟ್ಟಿನ ಪ್ಲಾಸ್ಟಿಕ್ ಸುತ್ತಿದ ಬೀನ್ಸ್ ತಂದೆ. ಕೊನೆಗೆ ಸುಮಾ, ಮಾಡಿದ್ದುಣ್ಣೋ ಮಾರಾಯ ಎಂಬಂತೆ ನೋಡಿ ಕೈಗೆ ಚೀಲ ಕೊಟ್ಟಳು.

ಹಮೀದಾಕ ಎಂದಿನಂತೆ ಬೆಂಡೆಕಾಯಿ ಆರಿಸುತ್ತಿದ್ದರು. ಅಮೆರಿಕದವರು ಹೇಳಿದ್ದಲ್ಲ, ಹೆದರಿದ್ದು ನಾನೇ, ಕ್ಷಮಿಸಿ ಎಂದೆ. ಅವರು ತಲೆಯೆತ್ತಲಿಲ್ಲ.

"ನನಗೂ ಹೆದರಿಕೆ ಆಗಿತ್ತು ಸಾರ್. ನಾನು ಬೇಡ ಅಂದ್ರೆ ಹೆಂಡ್ತಿ ಅಳ್ತಾಳೆ. ನಿಮ್ಮ ಹೆಸರು ಹೇಳಿದೆ, ಖಲಾಸ್."

ಅಂದರೆ ನಾನು ಕಾಣದ ಅಮೆರಿಕನ್ನರ ಬೆನ್ನ ಹಿಂದೆ ಅಡಗಿದ್ದರೆ, ಹಮೀದಾಕ ನನ್ನ ಬೆನ್ನ ಹಿಂದೆ ಅಡಗಿದ್ದರು. ಹಾಗಾದರೆ ಉಪ್ಪಿನಂಗಡಿಯಲ್ಲಿ ಒಬ್ಬ ಹೆಂಗಸು ಮೂರು ವಾರದಿಂದ ಶಪಿಸುತ್ತಿರುವುದು ಯಾರನ್ನು ಎಂದು ನಾನು ಯೋಚಿಸುವಷ್ಟರಲ್ಲೇ ಅವರು ವಿಡಿಯೋ ಕಾಲ್ ಹಚ್ಚಿ ಫೋನನ್ನು ನನ್ನ ಮುಖಕ್ಕೆ ಹಿಡಿದರು. ಮಗಳಿಗೆ ನಿಮ್ಮತ್ರವೇ ಕೇಳಬೇಕಂತೆ ಎಂದರು. ಪರದೆಯಲ್ಲಿ ಎರಡು ಜಡೆಯ ಹುಡುಗಿ, ಹಿಂದೆ ಇನ್ನೂ ಬಿಚ್ಚದ ಸೂಟ್‌ಕೇಸ್.

"ಯುದ್ಧ ಮುಗೀತಾ ಅಂಕಲ್? ನಾವು ಬರ್ಬಹುದಾ?"

ಆಗದೇ ಇದ್ದ ಯುದ್ಧ. ಆ ಮನೆಯ ಮಟ್ಟಿಗೆ ಅದನ್ನು ಶುರು ಮಾಡಿದವನು ನಾನು, ಮುಗಿಸಬೇಕಾದವನೂ ನಾನೇ.

"ಮುಗೀತು ಪುಟ್ಟಾ, ಬನ್ನಿ," ಎಂದೆ.

ಎಂದೆನೇನೋ ನಿಜ. ಮನೆಗೆ ಬಂದವನೇ ಚೀಲವನ್ನೂ ಕೆಳಗಿಡದೆ ಟೀವಿ ಹಚ್ಚಿ ಅವೇ ಎರಡು ಚಾನೆಲ್ಲುಗಳ ಮುಂದೆ ಕೂತೆ, ನಾನು ಹೇಳಿದ್ದು ನಿಜವೇ ಎಂದು ಕೇಳಿ ತಿಳಿದುಕೊಳ್ಳಲು.